ಸರದಿಯ ಮೇಲೆ ಬಿದ್ದ ಸುತ್ತಿಗೆ

ಇಂಟರ್‌ನೆಟ್ಟಿನಲ್ಲಿ ಅವನು ಇಟ್ಟುಕೊಂಡಿದ್ದ ಹೆಸರು ಸುತ್ತಿಗೆ. ಎದುರಿಗೆ ಕಂಡರೆ ಆ ಹೆಸರಿಗೂ ಈ ಆಸಾಮಿಗೂ ಏನು ಸಂಬಂಧ ಅಂತ ನಗು ಬರಬೇಕು. ಸಣಕಲು ಮೈ, ಇಳಿಬಿದ್ದ ಭುಜ, ಬಸ್ಸಿನಲ್ಲಿ ಬೇರೆಯವರು ಕಾಲು ತುಳಿದರೂ ತಾನೇ ‘ಸಾರಿ’ ಅನ್ನುವವರ ಪೈಕಿ. ಟಯರ್ ಅಂಗಡಿಯೊಂದರ ಮಹಡಿಯ ಮೇಲಿದ್ದ ಸಣ್ಣ ಕಂಪನಿಯಲ್ಲಿ ಅವನಿಗೆ ಕೆಲಸ. ಬಸ್ ಕಂಡಕ್ಟರುಗಳ ಕೈಯಲ್ಲಿರುತ್ತದಲ್ಲ ಟಿಕೆಟ್ ಕೊಡುವ ಯಂತ್ರ, ಅದರೊಳಗಿನ ಸಾಫ್ಟ್‌ವೇರನ್ನು ಆ ಕಂಪನಿ ಬರೆಯುತ್ತಿತ್ತು. ಬರೆದದ್ದನ್ನು ಕೆಡಿಸಿ ನೋಡುವ ಟೆಸ್ಟರ್ ಕೆಲಸ ಇವನದು.

ಕೆಡಿಸುವುದರಲ್ಲಿ ಅವನದು ಎತ್ತಿದ ಕೈ. ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಯಂತ್ರ ಏನು ಮಾಡುತ್ತದೆ, ಸುರಂಗದೊಳಗೆ ಸಿಗ್ನಲ್ ಹೋದಾಗ ಅರ್ಧ ಮುದ್ರಿಸಿದ ಟಿಕೆಟ್ಟಿನ ಗತಿ ಏನು, ಎಲ್ಲ ಹುಡುಕಿ ಹುಡುಕಿ ಬರೆದುಕೊಡುತ್ತಿದ್ದ. ಬರೆದು ಏನು ಬಂತು? ಮ್ಯಾನೇಜರು ಪ್ರತಿಯೊಂದರ ಎದುರಿಗೂ ‘ಆಮೇಲೆ ನೋಡೋಣ’ ಅಂತ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಆ ‘ಆಮೇಲೆ’ ಎನ್ನುವುದು ಇವತ್ತಿನವರೆಗೂ ಬಂದಿಲ್ಲ. ಕೆಲಸಕ್ಕೆ ಸೇರಿದಂದಿನಿಂದ ಅವನ ಮಾತಿಗೆ ಆಫೀಸಿನಲ್ಲಿ ಯಾರೂ ಸೊಪ್ಪು ಹಾಕಿದವರಲ್ಲ.

ಸೊಪ್ಪು ಹಾಕುವ ಜಾಗ ಒಂದೇ ಒಂದಿತ್ತು, ಅದು ‘ಪಡಸಾಲೆ’. ಕಂಪ್ಯೂಟರು, ಪ್ರೋಗ್ರಾಮಿಂಗು, ಹೊಸ ಸ್ಟಾರ್ಟಪ್ಪುಗಳ ಸುದ್ದಿಯನ್ನು ಜನ ತಂದು ಹಾಕುವ, ಹಾಕಿದ್ದರ ಬಗ್ಗೆ ಹಗಲಿಡೀ ವಾದ ಮಾಡುವ ವೆಬ್‌ಸೈಟು. ಯಾರದೋ ಕಂಪನಿಗೆ ಕೋಟಿಗಟ್ಟಲೆ ಬಂಡವಾಳ ಬಂದರೆ ಅಲ್ಲಿ ಸುದ್ದಿ, ಅದೇ ಕಂಪನಿ ಮರುವರ್ಷ ಬಾಗಿಲು ಹಾಕಿದರೆ ಇನ್ನೂ ದೊಡ್ಡ ಸುದ್ದಿ. ದೊಡ್ಡ ಜಾಗವೇನಲ್ಲ. ನಮ್ಮದೇ ಭಾಷೆಯಲ್ಲಿ ಇಂಥ ಮಾತಾಡಲು ಬೇರೆ ಕಟ್ಟೆ ಇಲ್ಲವಲ್ಲ, ಹಾಗಾಗಿ ಆಸಕ್ತಿ ಇದ್ದವರೆಲ್ಲ ಅಲ್ಲಿಗೇ ಬರಬೇಕು. ಅಲ್ಲಿ ‘ನಾನು ಮಾಡಿದ್ದು’ ಅಂತ ಒಂದು ವಿಭಾಗ. ಯಾರಾದರೂ ಸ್ವಂತ ಏನನ್ನಾದರೂ ಕಟ್ಟಿದರೆ ಅಲ್ಲಿ ತಂದು ತೋರಿಸುತ್ತಾರೆ. ಹಳಬರು ಅದನ್ನು ಬಿಚ್ಚಿ ನೋಡಿ ಅಭಿಪ್ರಾಯ ಬರೆಯುತ್ತಾರೆ. ಮೊದಲು ಬಂದ ಕಾಮೆಂಟಿಗೆ ಪಡಸಾಲೆಯಲ್ಲಿ ‘ಹೊಸಿಲು’ ಅಂತ ಹೆಸರು. ಅದು ದಿನವಿಡೀ ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ, ಒಳಗೆ ಬಂದವರೆಲ್ಲ ಅದನ್ನು ದಾಟಿಯೇ ಬರಬೇಕು. ಒಬ್ಬರು ಅದಕ್ಕೆ ಉತ್ತರ ಬರೆದರೋ ಮುಗಿಯಿತು, ಆಮೇಲೆ ಅದನ್ನು ತಿದ್ದುವ ಹಾಗಿಲ್ಲ, ಅಳಿಸುವ ಹಾಗಿಲ್ಲ.

ಹೊಸಿಲು ಹಾಕುವುದರಲ್ಲಿ ಸುತ್ತಿಗೆಯನ್ನು ಮೀರಿಸುವವರಿರಲಿಲ್ಲ. ಆಫೀಸಿನಲ್ಲಿ ತುಟಿ ಬಿಚ್ಚದ ಮನುಷ್ಯ ಅಲ್ಲಿ ಬರೆಯಲು ಕುಳಿತರೆ ಒಂದೊಂದು ಸಾಲೂ ಚುರುಕ್ ಅನ್ನುತ್ತಿತ್ತು. ‘ಸುತ್ತಿಗೆ ಪೆಟ್ಟು ತಿಂದು ಉಳಿದರೆ ಅದು ಗಟ್ಟಿ ಮಾಲು’ ಅಂತ ಅಲ್ಲಿ ಮಾತೇ ಇತ್ತು. ಆ ಮಾತನ್ನು ಅವನು ಎಷ್ಟು ಸಲ ಓದಿಕೊಂಡಿದ್ದನೋ ಲೆಕ್ಕವಿಲ್ಲ. ಊಟಕ್ಕೆ ಕುಳಿತಾಗಲೂ ಎಡಗೈಯಲ್ಲಿ ಫೋನು. “ನಿಮ್ಮ ಹಾಸಿಗೆ ದಿಂಬು ಎಲ್ಲಾ ಆ ಪಡಸಾಲೆಗೇ ಕಳಿಸಿಬಿಡ್ಲಾ? ಅಲ್ಲೇ ಮಲಗಿ” ಅಂತ ಹೆಂಡತಿ ಕೇಳಿದರೆ ಅದಕ್ಕೂ “ಹ್ಞೂಂ” ಅನ್ನುತ್ತಿದ್ದ.

ಈ ‘ಹ್ಞೂಂ’ ಇದೆಯಲ್ಲ, ಅದರದೇ ಒಂದು ಕತೆ. ಅದನ್ನು ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ.

ಅವನಿಗೆ ಒಬ್ಬಳೇ ಅಕ್ಕ. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಭಾವನದು ಸರಕು ಸಾಗಣೆಯ ಕೆಲಸ, ಊರೂರು ಸುತ್ತುತ್ತಿರುತ್ತಾನೆ. ಅಮ್ಮ ಇರುವುದು ಅಕ್ಕನ ಮನೆಯಲ್ಲಿ. ಅಕ್ಕನಿಗೆ ಸಂಜೆ ಪಾಳಿ ಬಂದಾಗ ಇವನು ಆಫೀಸಿನಿಂದ ನೇರ ಅಲ್ಲಿಗೆ ಹೋಗಿ ಅಮ್ಮನಿಗೆ ಬಡಿಸಿ, ಬಿ.ಪಿ. ಮಾತ್ರೆ ಕೊಟ್ಟು, ಅಕ್ಕ ಬಂದ ಮೇಲೆ ಮನೆಗೆ ಹೊರಡುವುದು ರೂಢಿ. ಹೋದ ವರ್ಷ ಒಂದು ದಿನ ಅಮ್ಮ ಬೇಗ ಹಸಿವು ಅಂದಳಂತೆ. ಅಕ್ಕ ಆಗಲೇ ಬಡಿಸಿ, ಮಾತ್ರೆಯನ್ನೂ ಕೊಟ್ಟು, ಲ್ಯಾಬಿಗೆ ಓಡುತ್ತಾ ಓಡುತ್ತಾ ತಮ್ಮನಿಗೆ ಫೋನ್ ಮಾಡಿದಳು. “ಅಮ್ಮಂಗೆ ಬಿ.ಪಿ. ಮಾತ್ರೆ ಕೊಟ್ಟಾಯ್ತು ಕಣೋ. ನೀನು ಮತ್ತೆ ಕೊಡ್ಬೇಡ, ಕೇಳಿಸ್ತಾ?” ಅಂದಳು. ಇವನ ಕಿವಿಯ ಮೇಲೆ ಫೋನಿತ್ತು, ಕಣ್ಣು ಪಡಸಾಲೆಯ ಮೇಲಿತ್ತು. “ಹ್ಞೂಂ” ಅಂದ. ಸಂಜೆ ಹೋದವನು ಯಥಾಪ್ರಕಾರ ಮಾತ್ರೆ ಕೊಟ್ಟ. ಅಮ್ಮನಿಗೂ ಮರೆವು, ಕೊಟ್ಟದ್ದನ್ನು ನುಂಗಿದಳು. ಆಮೇಲೆ ಬಚ್ಚಲಿಗೆಂದು ಎದ್ದವಳು ತಲೆ ಸುತ್ತಿ ಬಿದ್ದು ಮುಂಗೈ ಮುರಿದುಕೊಂಡಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕನನ್ನು ಕಂಡೊಡನೆ ಇವನ ಬಾಯಿಂದ ಹೊರಟ ಮೊದಲ ಮಾತು, “ನೀನು ಹೇಳ್ಲೇ ಇಲ್ವಲ್ಲಕ್ಕಾ!” ಅಕ್ಕ ಅವನ ಮುಖವನ್ನು ಒಂದು ಗಳಿಗೆ ನೋಡಿದಳು, ಎಕ್ಸ್‌ರೇ ಕೋಣೆಯ ಕಡೆ ಹೋದಳು. ಆಮೇಲೆ ಫೋನ್ ತೆಗೆದರೆ ಅಕ್ಕನ ಕರೆ ಅದರಲ್ಲಿ ದಾಖಲಾಗಿ ಕೂತಿದೆ. ಆಗ ಆ ‘ಹ್ಞೂಂ’ ನೆನಪಿಗೆ ಬಂತು. ಬಂದಾಗ ಹೋಗಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಇವತ್ತು ಬೇಡ, ನಾಳೆ ಅಂದುಕೊಂಡ. ಅಮ್ಮನ ಕೈ ಕೂಡಿಕೊಂಡಿತು, ಬ್ಯಾಂಡೇಜ್ ಬಿಚ್ಚಿದರು, ಹೇಳಬೇಕಾದ ಮಾತು ಮಾತ್ರ ನಾಳೆಗೇ ಉಳಿಯಿತು. ಅಕ್ಕನೂ ಎತ್ತಿ ಆಡಲಿಲ್ಲ.

ಸರಿ, ಈಗ ಕತೆಗೆ ಬರೋಣ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸುತ್ತಿಗೆ ಆಫೀಸಿನ ಕಂಪ್ಯೂಟರಿನಲ್ಲಿ ಪಡಸಾಲೆ ತೆರೆದರೆ ‘ನಾನು ಮಾಡಿದ್ದು’ ವಿಭಾಗದಲ್ಲಿ ಹೊಸ ಪೋಸ್ಟು. ‘ಸರದಿ: ಮನೆಯಲ್ಲಿ ಕಾಯಿಲೆಯವರಿಗೆ ಯಾರು ಯಾವಾಗ ಮಾತ್ರೆ ಕೊಟ್ಟರು ಎಂದು ಎಲ್ಲರಿಗೂ ತಿಳಿಸುವ ಆ್ಯಪ್’. ಹಾಕಿದವರ ಅಡ್ಡಹೆಸರು ಅವನು ಹಿಂದೆ ಕಂಡದ್ದಲ್ಲ. ಕೆಳಗೆ ನಾಲ್ಕು ಸಾಲು ಏನೋ ಬರೆದಿತ್ತು, ಯಾಕೆ ಮಾಡಿದೆ, ಹೇಗೆ ಮಾಡಿದೆ ಅನ್ನುವ ಎಲ್ಲರೂ ಬರೆಯುವ ಪುರಾಣ. ಆ ಪುರಾಣ ಓದುವಷ್ಟರಲ್ಲಿ ಬೇರೆ ಯಾರಾದರೂ ಹೊಸಿಲು ಹಾಕಿಬಿಟ್ಟರೆ? ಅವನು ಓದಲಿಲ್ಲ. ನೇರ ಕೊಂಡಿ ಒತ್ತಿದ.

ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೊಕ್ಕ. ಪುಟದ ಹೊಟ್ಟೆಯೊಳಗೆ ಏನಿದೆ ಅಂತ ತೋರಿಸುವ ಕಿಟಕಿಯೊಂದು ಬ್ರೌಸರುಗಳಲ್ಲಿ ಇರುತ್ತದೆ. ಟೆಸ್ಟರುಗಳಿಗೆ ಅದು ನಿತ್ಯದ ದಾರಿ. ತೆರೆದು ನೋಡಿದರೆ, ಅಬ್ಬಾ, ಈಗತಾನೇ ಟೈಪು ಮಾಡಿದ ಪಾಸ್‌ವರ್ಡ್ ಯಾವ ಮುಚ್ಚುಮರೆಯೂ ಇಲ್ಲದೆ ಅಕ್ಷರ ಅಕ್ಷರವಾಗಿ ಕಾಣುತ್ತಿದೆ! ಯಾರು ಬೇಕಾದರೂ ಕದಿಯಬಹುದು. ಅವನಿಗೆ ಎಂಥ ಖುಷಿ ಅಂತೀರಿ. ಕೈ ಒರೆಸಿಕೊಂಡು ಬರೆಯಲು ಶುರುಮಾಡಿದ.

‘ಇದನ್ನು ಕಟ್ಟಿದವರು ಪಾಸ್‌ವರ್ಡನ್ನು ಬಾಗಿಲಿಗೇ ನೇತುಹಾಕಿದ್ದಾರೆ. ಇವರ ಕೈಗೆ ನಿಮ್ಮ ಮನೆಯ ಕಾಯಿಲೆ ಕಸಾಲೆಯ ವಿವರ ಕೊಡುತ್ತೀರಾ? ಇನ್ನು ಬಳಕೆ. ಮಾತ್ರೆ ಕೊಟ್ಟಾಯಿತು ಅಂತ ಸಂದೇಶ ಬಂದರೆ ಒತ್ತಲು ‘ಸರಿ’ ಅನ್ನುವ ಬಟನ್ನೇ ಇಲ್ಲ! ಸಂದೇಶ ಓದಿ, ಏನು ತಿಳಿಯಿತು ಅಂತ ನಾವೇ ಟೈಪು ಮಾಡಬೇಕಂತೆ. ಇವರು ಜೀವಮಾನದಲ್ಲಿ ಮನುಷ್ಯರನ್ನು ನೋಡಿದ್ದಾರೋ ಇಲ್ಲವೋ ಅನುಮಾನ. ಆಸ್ಪತ್ರೆ, ಆರೈಕೆ ಮನೆಗಳವರು ಇದರ ಹತ್ತಿರ ಸುಳಿಯದಿದ್ದರೆ ಕ್ಷೇಮ.’

ಹೊಸಿಲು ಬಿತ್ತು. ಮೆಚ್ಚಿದವರ ವೋಟುಗಳು ಸುರಿದವು. “ಸುತ್ತಿಗೆ ಅಂದರೆ ಸುತ್ತಿಗೆ” ಅಂದವರೆಷ್ಟೋ. ಒಬ್ಬ ಪುಣ್ಯಾತ್ಮ ಮಾತ್ರ ಮೆಲ್ಲಗೆ, “ಬೇರೆ ಬ್ರೌಸರಿನಲ್ಲಿ ನೋಡಿದಿರಾ? ನನಗೆ ಕಾಣುತ್ತಿಲ್ಲ” ಅಂತ ಕೇಳಿದ. ಹೊಸಬರಿಗೆ ಸುತ್ತಿಗೆ ಸದಾ ಹೇಳುವ ಪಾಠವೇ ಅದು: ಬಗ್, ಅಂದರೆ ದೋಷ, ಕಂಡರೆ ಮೊದಲು ಬೇರೆ ಬ್ರೌಸರಿನಲ್ಲಿ ನೋಡಿ, ಆಮೇಲೆ ಬಾಯಿ ಬಿಡಿ. ಆದರೆ ಈಗ ಕೇಳಿದ್ದು ಬೇರೆಯವರಲ್ಲವೇ? “ತಲೆ ನರೆಯುವಷ್ಟು ಕಾಲ ಇದೇ ಕೆಲಸ ಮಾಡಿದ್ದೇನೆ ಸ್ವಾಮಿ” ಅಂತ ಬರೆದು ಅವನ ಬಾಯಿ ಮುಚ್ಚಿಸಿದ. ಸರದಿ ಕಟ್ಟಿದವರಿಂದ ಒಂದೇ ಒಂದು ಸಾಲು ಬಂತು: ‘ನೋಡುತ್ತೇನೆ, ತಿಳಿಸಿದ್ದಕ್ಕೆ ವಂದನೆ’. ಸಂಜೆ ಸುತ್ತಿಗೆ ಸಿಳ್ಳೆ ಹಾಕಿಕೊಂಡು ಮನೆಗೆ ಹೋದ.

ಆ ಭಾನುವಾರ ಅಕ್ಕನ ಮನೆಗೆ ಹೋದಾಗ ಅಮ್ಮ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು.

“ಬಂದ್ಯಾ? ನಿನ್ನ ಅಕ್ಕ ಎರಡು ದಿನದಿಂದ ಮುಖ ಊದಿಸ್ಕೊಂಡಿದ್ದಾಳೆ. ಏನೂಂತ ಕೇಳಿದ್ರೆ ಕಂಪ್ಯೂಟರ್ ಅಂತಾಳೆ. ಕಂಪ್ಯೂಟರಿಗೂ ಅಳೋರನ್ನ ನಾನು ಈ ವಯಸ್ಸಲ್ಲಿ ನೋಡೋ ಹಾಗಾಯ್ತು” ಅಂದಳು.

“ಅಮ್ಮಾ, ಸುಮ್ನಿರು” ಅನ್ನುತ್ತಾ ಅಕ್ಕ ಅಡುಗೆಮನೆಯಿಂದ ಬಂದಳು. ಮುಖ ನಿಜಕ್ಕೂ ಸಪ್ಪಗಿತ್ತು. ಲ್ಯಾಪ್‌ಟಾಪ್ ತಂದು ಅವನ ಮುಂದಿಟ್ಟು ಪಕ್ಕದಲ್ಲಿ ಕುಳಿತಳು.

“ನಿನಗೊಂದು ವಿಷಯ ಮುಚ್ಚಿಟ್ಟಿದ್ದೆ. ನಗಬಾರದು ಮತ್ತೆ. ಒಂದು ವರ್ಷದಿಂದ ಪ್ರೋಗ್ರಾಮಿಂಗ್ ಕಲೀತಾ ಇದ್ದೀನಿ, ವಿಡಿಯೋ ನೋಡ್ಕೊಂಡು. ಒಂದು ಆ್ಯಪ್ ಮಾಡಿದ್ದೀನಿ. ಅಮ್ಮ ಬಿದ್ದಾಗಿಂದ ತಲೇಲಿ ಕೊರೀತಾ ಇತ್ತು.”

“ನೀನಾ?”

“ಯಾಕೆ, ನಾನು ಮಾಡ್ಬಾರ್ದಾ? ನಿಂಗೆ ಗೊತ್ತಾಗ್ದ ಹಾಗೆ ಮಾಡಿ, ನಿನ್ನ ಆ ಪಡಸಾಲೇಲಿ ಹಾಕಿ, ಅಲ್ಲಿ ನಾಲ್ಕು ಜನ ಶಭಾಷ್ ಅಂದ್ಮೇಲೆ ನಿಂಗೆ ತೋರಿಸೋಣ ಅಂತ ಆಸೆ ಇತ್ತು. ದಿನಾ ಅದರದ್ದೇ ಜಪ ಮಾಡ್ತೀಯಲ್ಲ, ಅಲ್ಲಿರೋರೆಲ್ಲ ಘಟಾನುಘಟಿಗಳು ಅಂತ.” ಅಕ್ಕ ಪರದೆಯನ್ನು ಕೆಳಕ್ಕೆ ಜಾರಿಸಿದಳು. “ನೋಡು, ಏನಾಯ್ತೂಂತ.”

ಅವನು ನೋಡಿದ. ಪರದೆಯ ಮೇಲೆ ಸುತ್ತಿಗೆಯ ಹೊಸಿಲು.

ಅವನು ಬರೆದ ಒಂದೊಂದು ಸಾಲೂ ಅಕ್ಕನ ಲ್ಯಾಪ್‌ಟಾಪಿನಲ್ಲಿ, ಅಕ್ಕನ ಉಸಿರು ತಾಗುವಷ್ಟು ಹತ್ತಿರ, ಅವನ ಮುಖಕ್ಕೇ ಹಿಡಿದಂತಿತ್ತು. ‘ಜೀವಮಾನದಲ್ಲಿ ಮನುಷ್ಯರನ್ನು ನೋಡಿದ್ದಾರೋ ಇಲ್ಲವೋ’ ಎಂಬ ಸಾಲಿನ ಮೇಲೆ ಅಕ್ಕನ ಬೆರಳು ನಿಂತಿತು.

“ಈ ಸುತ್ತಿಗೆ ಅನ್ನೋನು ಯಾರೋ ಏನೋ. ದೊಡ್ಡ ತಿಳಿದೋನೇ ಇರ್ಬೇಕು. ನಾನು ಅವನಿಗೇನು ಮಾಡಿದ್ದೆ ಹೇಳು? ಹೀಗೆ ಬರೀಬೇಕಾ?” ಅಂದಳು. ಕಣ್ಣೊರೆಸಿಕೊಂಡಳು. “ಅದೂ ಹೋಗ್ಲಿ. ವಯಸ್ಸಾದವರನ್ನ ನೋಡ್ಕೊಳ್ಳೋ ಆರೈಕೆ ಮನೆ ಇದೆಯಲ್ಲ, ನಮ್ಮ ಲ್ಯಾಬಿಗೆ ರಕ್ತ ಕಳಿಸೋರು, ಅಲ್ಲಿನ ಮೇಡಂ ಒಪ್ಕೊಂಡಿದ್ರು. ಒಂದು ವಾರ್ಡಲ್ಲಿ ಸರದಿ ಇಟ್ಟು ನೋಡೋಣ ಅಂದಿದ್ರು. ಅವರ ಮಗ ಇದನ್ನ ಓದಿದ್ನಂತೆ. ಈಗ ಬೇಡ ಅಂತ ಮೆಸೇಜ್ ಹಾಕಿದ್ದಾರೆ. ನೀನೇ ನೋಡಿ ಹೇಳು ಪುಟ್ಟಾ, ಪಾಸ್‌ವರ್ಡ್ ನಿಜವಾಗ್ಲೂ ಕಾಣ್ಸುತ್ತಾ? ನನಗಂತೂ ಎಷ್ಟು ಹುಡುಕಿದ್ರೂ ಸಿಗ್ತಿಲ್ಲ. ಸಿಗ್ದೇ ಇರೋದನ್ನ ಹೇಗೆ ಸರಿಮಾಡ್ಲಿ? ಎಲ್ಲಾ ಮುಚ್ಚಿಬಿಡ್ತೀನಿ ಅನ್ಸುತ್ತೆ.”

ಆಗ ಹೇಳಬಹುದಿತ್ತು. ಅಲ್ಲೇ, ಆ ಕುರ್ಚಿಯಲ್ಲೇ. ಬಾಯಿ ತೆರೆದ, “ಅಕ್ಕಾ” ಅಂದ, ಅಕ್ಕ ತಿರುಗಿ ನೋಡಿದಳು, ಅಷ್ಟಕ್ಕೇ ಧೈರ್ಯ ಉಡುಗಿಹೋಯಿತು. “ನೋಡ್ತೀನಿ, ಸರಿ” ಅಂತ ಮುಗಿಸಿದ. ಪುಕ್ಕಲ ಅಂದರೆ ಇಂಥ ಪುಕ್ಕಲ ಇರಬಾರದು.

ಅಕ್ಕನ ಲ್ಯಾಪ್‌ಟಾಪಿನಲ್ಲೇ ಕಿಟಕಿ ತೆರೆದು ಮೂಲೆ ಮೂಲೆ ತಡಕಿದ. ಸರದಿಯನ್ನು ತನ್ನ ಫೋನಿಗೂ ಹಾಕಿಕೊಂಡು ನೋಡಿದ. ಪಾಸ್‌ವರ್ಡ್ ಎಲ್ಲೂ ಇಲ್ಲ. ಬೇಕಾದ ಕಡೆ ಬೇಕಾದ ಹಾಗೆ ಮುಚ್ಚಿಟ್ಟಿದ್ದಳು. ಕೆಲಸ ಎಷ್ಟು ಅಚ್ಚುಕಟ್ಟು ಅಂದರೆ ಅವನ ಆಫೀಸಿನವರು ಬಂದು ಇವಳ ಹತ್ತಿರ ಕಲಿಯಬೇಕು.

“ಅವನು ಹೇಳಿದ್ದು ತಪ್ಪು ಅನ್ಸುತ್ತೆ ಕಣಕ್ಕ” ಅಂದ.

“ಹಾಗಾದ್ರೆ ಅವನಿಗೆ ಕಂಡಿದ್ದೇನು?”

“ಗೊತ್ತಿಲ್ಲ. ಮತ್ತೆ ನೋಡ್ತೀನಿ. ಅಕ್ಕಾ, ಆ ‘ಸರಿ’ ಬಟನ್...”

“ಅದು ಬೇಕಂತಲೇ ಇಟ್ಟಿಲ್ಲ” ಅಂದಳು ಅಕ್ಕ. “ಬಟನ್ ಇದ್ರೆ ಜನ ಓದ್ದೇನೇ ಒತ್ತಿಬಿಡ್ತಾರೆ. ಕೇಳಿಸ್ಕೊಳ್ದೇ...” ಅಷ್ಟಕ್ಕೆ ನಿಲ್ಲಿಸಿ, ಎದ್ದು, “ಕಾಫಿ ಕುಡೀತೀಯಾ?” ಅಂತ ಒಳಗೆ ಹೋದಳು.

ನಿಲ್ಲಿಸಿದ ಮಾತಿನ ಉಳಿದರ್ಧ ಅವನಿಗೆ ಗೊತ್ತಿತ್ತು. ತನ್ನ ‘ಹ್ಞೂಂ’ ಇನ್ನೊಂದು ಮನೆಯಲ್ಲಿ ಇನ್ನೊಬ್ಬನ ಬಾಯಿಂದ ಬರದಿರಲಿ ಅಂತ ಅಕ್ಕ ಆ ಬಟನ್ ಇಡಲಿಲ್ಲ, ಅದನ್ನೇ ಹಿಡಿದು ತಾನು ಊರಿನ ಮುಂದೆ ಅವಳನ್ನು ಗೇಲಿ ಮಾಡಿದೆ. ಅಮ್ಮ ಕಿಟಕಿಯ ಕಡೆಯಿಂದ, “ಏನೋ ಅದು, ನೀನೂ ಮುಖ ಊದಿಸ್ಕೊಂಡೆ? ಅಂಟುಜಾಡ್ಯನಾ?” ಅಂದಳು. ಅವನಿಗೆ ನಗಲು ಆಗಲಿಲ್ಲ.

ಸೋಮವಾರ ಆಫೀಸಿಗೆ ಹೋದವನು ಟಿಕೆಟ್ ಯಂತ್ರದ ಕೆಲಸ ಬದಿಗಿಟ್ಟು ಸರದಿ ತೆರೆದ. ಇಲ್ಲಿ ನೋಡಿದರೆ ಪಾಸ್‌ವರ್ಡ್ ಅದೇ ಜಾಗದಲ್ಲಿ ಹಲ್ಲು ಕಿರಿಯುತ್ತಿದೆ. ಬೇರೆ ಬ್ರೌಸರಿನಲ್ಲಿ ತೆರೆದ, ಇಲ್ಲ. ಮತ್ತೆ ಮೊದಲಿನದಕ್ಕೆ ಬಂದು ದಿನಪತ್ರಿಕೆಯೊಂದರ ವೆಬ್‌ಸೈಟ್ ತೆರೆದು ಅದರಲ್ಲಿ ಪಾಸ್‌ವರ್ಡ್ ಹಾಕಿದ. ಅಲ್ಲೂ ಕಂಡಿತು! ಚಪ್ಪಲಿ ಮಾರುವ ಅಂಗಡಿಯ ವೆಬ್‌ಸೈಟಿನಲ್ಲೂ ಕಂಡಿತು. ಆಗ ಅವನಿಗೆ ಹೊಳೆಯಿತು. ಟೆಸ್ಟರುಗಳು ಅದೇ ಅದೇ ವಿವರವನ್ನು ನೂರು ಸಲ ತುಂಬುವ ಗೋಳು ತಪ್ಪಲಿ ಅಂತ, ಟೈಪು ಮಾಡಿದ್ದನ್ನೆಲ್ಲ ಪುಟದೊಳಗೇ ಬರೆದಿಡುವ ಚಿಕ್ಕ ಉಪಕರಣವೊಂದನ್ನು ಆಫೀಸಿನ ಬ್ರೌಸರಿಗೆ ಜೋಡಿಸಿಕೊಂಡಿದ್ದ. ಜೋಡಿಸಿದ್ದು ಅವನೇ. ಮರೆತದ್ದೂ ಅವನೇ. ಬಾಗಿಲಿಗೆ ಪಾಸ್‌ವರ್ಡ್ ನೇತುಹಾಕಿದ್ದು ಅಕ್ಕನಲ್ಲ, ಅವನ ಸ್ವಂತ ಉಪಕರಣ.

ಅಲ್ಲ, ಬೇರೆಯವರು ಯಾರಾದರೂ ಹೀಗೆ ಮಾಡಿದ್ದರೆ ಸುತ್ತಿಗೆ ಅವರನ್ನು ಬಿಡುತ್ತಿದ್ದನೇ? ಪುಡಿ ಪುಡಿ ಮಾಡುತ್ತಿದ್ದ.

ತನ್ನ ಕಾಮೆಂಟು ಅಳಿಸಲು ಹೋದ. ಉತ್ತರಗಳು ಬಂದಾಗಿತ್ತಲ್ಲ, ಪಡಸಾಲೆಯ ನಿಯಮ ಬಿಡಲಿಲ್ಲ. ಕೊನೆಗೆ ಅದರ ಕೆಳಗೇ ಬರೆದ: ‘ನನ್ನದೇ ತಪ್ಪು. ನನಗೆ ಕಂಡ ದೋಷ ಸರದಿಯದಲ್ಲ, ನನ್ನ ಬ್ರೌಸರಿನಲ್ಲಿದ್ದ ಉಪಕರಣದ್ದು. ಬೇರೆ ಬ್ರೌಸರಿನಲ್ಲಿ ನೋಡದೆ ಬರೆದೆ. ಕೇಳಿದವರ ಮೇಲೂ ರೇಗಿದೆ. ‘ಸರಿ’ ಬಟನ್ ಇಲ್ಲದಿರುವುದು ಈ ಆ್ಯಪಿನ ಅತ್ಯಂತ ಜಾಣ ಭಾಗ. ಕಟ್ಟಿದವರಲ್ಲಿ ಕ್ಷಮೆ ಕೇಳುತ್ತೇನೆ. ಆರೈಕೆ ಮನೆಗಳವರು ಇದನ್ನು ಧೈರ್ಯವಾಗಿ ಬಳಸಬಹುದು.’ ಅದರ ಕೆಳಗೆ ಸಾಬೀತಿಗೆ ಚಿತ್ರಗಳನ್ನೂ ಹಾಕಿದ. ಹಾಕುವಾಗ ಮನಸ್ಸು ಸ್ವಲ್ಪ ಹಗುರಾಯಿತು ಅಂತಲೇ ಅನ್ನಬೇಕು.

ಆ ಹಗುರವನ್ನು ಪಡಸಾಲೆಯವರು ಉಳಿಸಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಅವರು ಹೊಗಳಲು ನಿಂತರು! ‘ಸುತ್ತಿಗೆಯ ದೊಡ್ಡ ಮನಸ್ಸು ನೋಡಿ’, ‘ತಪ್ಪೊಪ್ಪಿಕೊಳ್ಳಲು ಎದೆ ಬೇಕು’, ‘ಇವರಿಂದ ಕಲಿಯಬೇಕು’. ಬೈಗುಳಕ್ಕೆ ಬಂದಿದ್ದಕ್ಕಿಂತ ಹೆಚ್ಚು ವೋಟು ಕ್ಷಮಾಪಣೆಗೆ ಬಿತ್ತು. ಹಿಂದೆ ಇಂಥದ್ದನ್ನು ಓದಿ ಓದಿ ಉಬ್ಬುತ್ತಿದ್ದವನಿಗೆ ಈಗ ಒಂದೊಂದು ಹೊಗಳಿಕೆಯೂ ಕಪಾಳಕ್ಕೆ ಬಿದ್ದಂತಾಯಿತು. ಅಷ್ಟರಲ್ಲಿ ಅಕ್ಕನ ಫೋನು.

“ನೋಡಿದ್ಯಾ? ಆ ಸುತ್ತಿಗೆ ಕ್ಷಮೆ ಕೇಳಿದ್ದಾನೆ ಕಣೋ! ಎಲ್ಲರ ಮುಂದೆ! ಒಳ್ಳೆ ಮನುಷ್ಯ, ಪಾಪ. ನಾನೇ ಅವನನ್ನ ಎಷ್ಟು ಬೈಕೊಂಡಿದ್ದೆ. ಮೇಡಂಗೂ ಕಳಿಸ್ದೆ. ಹಾಗಾದ್ರೆ ಮುಂದಿನ ವಾರ ಶುರುಮಾಡೋಣ ಅಂದ್ರು. ಅವನಿಗೊಂದು ವಂದನೆ ಬರೀಲಾ? ಏನಂತ ಬರೀಲಿ, ನೀನೇ ಹೇಳ್ಕೊಡು.”

“ಬರೀಬೇಡಕ್ಕ” ಅಂದ.

“ಯಾಕೋ?”

“ಸುಮ್ನೆ. ಬೇಡ.” ಫೋನಿಟ್ಟ. ಒಳ್ಳೆ ಮನುಷ್ಯನಂತೆ! ಮಧ್ಯಾಹ್ನದ ಊಟದ ಡಬ್ಬಿ ತೆರೆದು, ಎರಡು ತುತ್ತು ತಿಂದು, ಮುಚ್ಚಿಟ್ಟ.

ಸುಮ್ಮನಿದ್ದುಬಿಟ್ಟರೆ ಎಲ್ಲ ಮುಗಿದಂತೆಯೇ ಅಲ್ಲವೇ? ಅಕ್ಕನ ಕೆಲಸ ಆಯಿತು, ಮೇಡಂ ಒಪ್ಪಿದರು, ಸುತ್ತಿಗೆ ಯಾರು ಅಂತ ಯಾರಿಗೂ ತಿಳಿಯುವುದಿಲ್ಲ. ಮನಸ್ಸು ಅವನಿಗೆ ಇದನ್ನು ಸಂಜೆಯವರೆಗೂ ಹೇಳಿ ನೋಡಿತು. ಅವನೂ ಒಪ್ಪಿಕೊಳ್ಳುವ ಹಂತಕ್ಕೆ ಬಂದಿದ್ದ. ಮರುದಿನ ಬೆಳಗ್ಗೆ, ಕ್ಷಮಾಪಣೆಯನ್ನು ಇನ್ನೊಮ್ಮೆ ನೋಡೋಣ ಅಂತ ಪೋಸ್ಟನ್ನು ತೆರೆದ. ಈ ಸಲ ಪುಟ ಮೇಲಿನಿಂದ ತೆರೆದುಕೊಂಡಿತು. ಮೊದಲ ದಿನ ಹಾರಿಸಿಬಿಟ್ಟಿದ್ದ ಆ ನಾಲ್ಕು ಸಾಲು ಕಣ್ಣಿಗೆ ಬಿತ್ತು. ಅಕ್ಕ ಬರೆದದ್ದು ಇಷ್ಟು:

‘ಒಂದು ದಿನ ನಮ್ಮಮ್ಮನಿಗೆ ಒಂದೇ ಮಾತ್ರೆಯನ್ನು ನಾನು, ನನ್ನ ತಮ್ಮ ಇಬ್ಬರೂ ಕೊಟ್ಟುಬಿಟ್ಟೆವು. ಅಮ್ಮ ತಲೆಸುತ್ತಿ ಬಿದ್ದು ಕೈ ಮುರಿದುಕೊಂಡರು. ಮಾತ್ರೆ ಕೊಟ್ಟಿದ್ದೇನೆ ಅಂತ ತಮ್ಮನಿಗೆ ತಿಳಿಸಲು ನಾನು ಮರೆತಿದ್ದೆ, ಅವನದೇನೂ ತಪ್ಪಿಲ್ಲ. ಇನ್ನೊಂದು ಮನೆಯಲ್ಲಿ ಹೀಗಾಗದಿರಲಿ ಅಂತ ಇದನ್ನು ಮಾಡಿದ್ದೇನೆ.’

ಅವನು ಕುರ್ಚಿಯಿಂದ ಎದ್ದ. ಮ್ಯಾನೇಜರು, “ಏನ್ರೀ, ಎಲ್ಲಿಗೆ? ಹೊಸ ಯಂತ್ರ ಬಂದಿದೆ, ನೋಡ್ಬೇಕಲ್ಲ” ಅಂದರು. “ಆಮೇಲೆ ನೋಡೋಣ ಸಾರ್” ಅಂದವನೇ ಮೆಟ್ಟಿಲಿಳಿದ. ಆ ಆಫೀಸಿನಲ್ಲಿ ಆ ಮಾತನ್ನು ಅವನು ಮೊದಲ ಸಲ ಆಡಿದ್ದು.

ಲ್ಯಾಬಿನ ಒಳಕೋಣೆಯಲ್ಲಿ ಅಕ್ಕ ಬಿಳಿ ಕೋಟು ಹಾಕಿಕೊಂಡು, ರಕ್ತದ ಗಾಜಿನ ನಳಿಕೆಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ತಣ್ಣನೆಯ ಕೋಣೆ, ಮೂಲೆಯಲ್ಲಿ ಯಂತ್ರವೊಂದು ಗುಂಯ್‌ಗುಡುತ್ತಿತ್ತು. ಇವನನ್ನು ಕಂಡು ಗಾಬರಿಯಾದಳು.

“ಅಮ್ಮ...?”

“ಅಮ್ಮ ಚೆನ್ನಾಗಿದ್ದಾಳೆ. ಅಕ್ಕಾ, ಆ ಸುತ್ತಿಗೆ ಇದ್ದಾನಲ್ಲ. ಅದು ನಾನೇ.”

ಅಕ್ಕನ ಕೈ ನಿಂತಿತು. ಕೈಯಲ್ಲೊಂದು ನಳಿಕೆ, ಬೆರಳ ತುದಿಯಲ್ಲಿ ಚೀಟಿ. ಅವನನ್ನು ನೋಡಿದಳು, ಆಮೇಲೆ ನಳಿಕೆಯನ್ನು ನೋಡಿದಳು, ಚೀಟಿಯ ಹೆಸರನ್ನು ಬಾಯಲ್ಲಿ ಓದಿಕೊಂಡು ಅಂಟಿಸಿದಳು. ಮುಂದಿನದನ್ನು ತೆಗೆದುಕೊಂಡಳು, ಅದನ್ನೂ ಓದಿ ಅಂಟಿಸಿದಳು. ಎದುರಿಗಿದ್ದದ್ದನ್ನೆಲ್ಲ ಹಾಗೇ ಮುಗಿಸಿದಳು, ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಬಿದ್ದರೆ ಏನಾಗುತ್ತದೆ ಅಂತ ಗೊತ್ತಿದ್ದವಳು. ಅವನು ಬಾಗಿಲ ಹತ್ತಿರ ತಪ್ಪು ಮಾಡಿದ ಮಗುವಿನ ಹಾಗೆ ನಿಂತೇ ಇದ್ದ.

“ನನ್ನದು ಅಂತ ಗೊತ್ತಿತ್ತಾ ನಿಂಗೆ?” ಕೊನೆಗೆ ಕೇಳಿದಳು.

“ಇಲ್ಲಕ್ಕ, ದೇವ್ರಾಣೆಗೂ ಇಲ್ಲ.”

“ಮೇಲೆ ನಾಲ್ಕು ಸಾಲು ಬರ್ದಿದ್ದೆ. ಓದಿದ್ರೆ ಗೊತ್ತಾಗ್ತಿತ್ತು.”

“ಓದ್ಲಿಲ್ಲ.”

“ಓದ್ದೇ ಬರೆದ್ಯಾ ಅಷ್ಟೊಂದು?”

ಅವನು ತಲೆ ತಗ್ಗಿಸಿದ. “ಇವತ್ತು ಓದಿದೆ. ಅಕ್ಕಾ, ನೀನು ಮರೆತಿರ್ಲಿಲ್ಲ. ಫೋನ್ ಮಾಡಿ ಹೇಳಿದ್ದೆ. ಹ್ಞೂಂ ಅಂದಿದ್ದೆ ನಾನು. ಆಸ್ಪತ್ರೇಲಿ ನಿನ್ನ ಮೇಲೇ ಹಾಕ್ದೆ. ಆಮೇಲೆ ನೆನಪಾಯ್ತು, ಹೇಳೋಕೆ ಬಾಯಿ ಬರ್ಲಿಲ್ಲ.”

“ಗೊತ್ತು.”

“ಗೊತ್ತಿದ್ದೂ ಯಾಕೆ ಹಾಗೆ ಬರ್ದೆ? ನಂದೇ ತಪ್ಪು ಅಂತ ಯಾಕೆ?”

“ಅದು ನೀನು ದಿನಾ ಹೋಗೋ ಜಾಗ ಅಲ್ವೇನೋ” ಅಂದಳು ಅಕ್ಕ. “ಇವತ್ತಲ್ಲ ನಾಳೆ ಇದು ನನ್ನದು ಅಂತ ನಿನ್ನ ಸ್ನೇಹಿತರಿಗೆ ಗೊತ್ತಾಗುತ್ತೆ. ತಮ್ಮ ಅಂದ್ರೆ ನೀನೇ ಅಂತಾನೂ ಗೊತ್ತಾಗುತ್ತೆ. ಅಲ್ಲಿ ನಿನ್ನ ಮರ್ಯಾದೆ ನಾನ್ಯಾಕೆ ಕಳೀಲಿ ಅಂದ್ಕೊಂಡೆ.”

ಅವನಿಗೆ ಅಳು ಬಂತು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅತ್ತ. ಅಕ್ಕ ಸಮಾಧಾನ ಮಾಡಲು ಬರಲಿಲ್ಲ. ನಳಿಕೆಗಳ ತಟ್ಟೆಯನ್ನು ಯಂತ್ರದ ಪಕ್ಕಕ್ಕಿಟ್ಟು, ಕೈಗವಸು ಕಳಚಿ ಬುಟ್ಟಿಗೆ ಹಾಕಿದಳು.

“ನಂಗೆ ಈಗ ಸಿಕ್ಕಾಪಟ್ಟೆ ಸಿಟ್ಟು ಬಂದಿದೆ” ಅಂದಳು. “ಅಮ್ಮ ಬಿದ್ದ ದಿನದ್ದಕ್ಕಲ್ಲ, ಅದು ಯಾರಿಗಾದ್ರೂ ಆಗೋದೇ. ಒಂದು ವರ್ಷ ನನ್ನ ಎದುರಿಗೆ ಕೂತು ಊಟ ಮಾಡಿ ಹೇಳ್ಲಿಲ್ವಲ್ಲ, ಅದಕ್ಕೆ. ಭಾನುವಾರ ಕ್ಷಮೆ ಕೇಳ್ಬೇಕಾಗಿದ್ದ ಮನುಷ್ಯ ಪಕ್ಕದಲ್ಲೇ ಕೂತಿದ್ದ, ನಾನು ಅವನನ್ನೇ ಯಾರೋ ಅಂತ ನಿನ್ನ ಹತ್ರ ಹೇಳ್ಕೊಂಡು ಅತ್ತೆ. ಹೋಗು. ಮುಂದಿನ ಭಾನುವಾರ ಬಾ. ಅಲ್ಲೀತನಕ ಫೋನ್ ಮಾಡ್ಬೇಡ. ನಾನೇನು ಅಂತೀನೋ ನಂಗೇ ಗೊತ್ತಿಲ್ಲ.”

“ಹ್ಞೂಂ” ಅನ್ನಲು ಹೋಗಿ ಅವನು ನಾಲಿಗೆ ಕಚ್ಚಿಕೊಂಡ. “ಭಾನುವಾರ ಬರ್ತೀನಿ. ಅಲ್ಲೀತನಕ ಫೋನ್ ಮಾಡಲ್ಲ” ಅಂದು ಹೊರಬಂದ.

ಅವತ್ತು ಸಂಜೆ ಮನೆಯಲ್ಲಿ ಪಡಸಾಲೆ ತೆರೆಯಲಿಲ್ಲ. ಫೋನು ಮೇಜಿನ ಮೇಲೆ ಬೋರಲು ಬಿದ್ದಿತ್ತು. “ಏನು, ಸೂರ್ಯ ಯಾವ ಕಡೆ ಹುಟ್ಟಿದ್ದ ಇವತ್ತು?” ಅಂತ ಹೆಂಡತಿ ಕೆಣಕಿದಳು. ಅವನ ಮುಖ ನೋಡಿ ತಟ್ಟೆ ತರಲು ಹೋದಳು. ಅಷ್ಟರಲ್ಲಿ ಫೋನು ಕಿಣಿ ಕಿಣಿ ಅಂತ ಹಿಂದೆಂದೂ ಕೇಳದ ಒಂದು ದನಿ ಮಾಡಿತು. ಎತ್ತಿ ನೋಡಿದ. ‘ಸರದಿಗೆ ನಿಮ್ಮನ್ನು ಸೇರಿಸಿದ್ದಾರೆ. ಸೇರಿಸಿದವರು: ಅಕ್ಕ.’ ಅದರ ಕೆಳಗೆ, ‘ಅಮ್ಮನಿಗೆ ಬಿ.ಪಿ. ಮಾತ್ರೆ ಕೊಟ್ಟಾಯಿತು. ನಿಮಗೇನು ತಿಳಿಯಿತು, ಬರೆಯಿರಿ.’ ಅಕ್ಕನಿಂದ ಬೇರೆ ಒಂದಕ್ಷರವೂ ಇರಲಿಲ್ಲ.

ಅಭ್ಯಾಸ ಬಿಡುತ್ತದೆಯೇ? ಹೆಬ್ಬೆರಳು ತಾನಾಗಿ ಪರದೆಯ ಕೆಳಕ್ಕೆ ‘ಸರಿ’ ಹುಡುಕುತ್ತಾ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಅವನು ಸಂದೇಶವನ್ನು ಮತ್ತೊಮ್ಮೆ ಓದಿದ. ಆಮೇಲೆ ಒಂದೊಂದೇ ಅಕ್ಷರ ಒತ್ತಿ ಬರೆದ: ‘ಅಮ್ಮನಿಗೆ ಬಿ.ಪಿ. ಮಾತ್ರೆ ಅಕ್ಕ ಕೊಟ್ಟಾಯಿತು. ನಾನು ಮತ್ತೆ ಕೊಡಬಾರದು.’

ಅಮ್ಮ ಬಿದ್ದ ದಿನ ಅಕ್ಕ ಫೋನಿನಲ್ಲಿ ಹೇಳಿದ್ದೂ ಇಷ್ಟೇ.